ದೀಪವಿಲ್ಲದ ಗುಡಿಗಳು

ಸಿಯೆಂ ರೀಪ್ ಹತ್ತಿರ, ಕಾಂಬೋಡಿಯ
22-2-1959

ಇಂದ್ರಾ,

ತಲುಪಿದ್ದೇನೆ. ಹಡಗಿನಲ್ಲಿ ತಿಂದದ್ದೆಲ್ಲ ಸಮುದ್ರಕ್ಕೇ ಹೋಯಿತು. ನಿಮ್ಮ ಸಿರಾದ ಬೀದಿಯ ಖಾಜಾಬಿಯವರ ಮಗ ನಿಯಾಜ್ ಅಹಮದ್ ಜೊತೆಗಿಲ್ಲದಿದ್ದರೆ ಸೈಗಾನ್ ಬಂದರಿನಿಂದಲೇ ವಾಪಸು ಬರುತ್ತಿದ್ದೆನೋ ಏನೋ. ಅವನು ನಮ್ಮ ತಂಡದ ಕಾಂಪೌಂಡರ್. ನನ್ನದು ಬಾವಿ ಕಟ್ಟುವ ಕೆಲಸ. ಮಿಕ್ಕವರು ಮಧುಗಿರಿ ಕಡೆಯವರು. ಎಲ್ಲರೂ ಒಂದು ವರ್ಷದ ಮಟ್ಟಿಗೆಂದು ಸೇವಾ ಸಂಘದವರ ಮಾತಿಗೆ ಒಪ್ಪಿ ಬಂದವರೇ. ಊಟ, ಬಟ್ಟೆ, ಹಡಗಿನ ಖರ್ಚು ಸಂಘದ್ದು.

ಇಲ್ಲಿ ಮೂರು ಹೊತ್ತೂ ಅನ್ನ, ಅದರ ಮೇಲೆ ಕೊಳೆಸಿದ ಮೀನಿನ ಗೊಜ್ಜು. ವಾಸನೆಗೆ ಮೊದಲ ದಿನ ಓಡಿಹೋದೆ. ಮುದ್ದೆಯ ನೆನಪು ಬಂದರೆ ಕಣ್ಣಲ್ಲಿ ನೀರು ಬರುತ್ತದೆ ಎಂದು ಅಮ್ಮನಿಗೆ ಹೇಳು, ಖುಷಿಪಡುತ್ತಾಳೆ.

ಭಾನುವಾರ ನಮ್ಮನ್ನೆಲ್ಲ ಹಳೆಯ ಗುಡಿಗಳನ್ನು ನೋಡಲು ಕರೆದುಕೊಂಡು ಹೋಗಿದ್ದರು. ನಮ್ಮ ಕಡೆ ಕಾಡಿನೊಳಗೆ ಗುಡಿ ಇರುತ್ತದೆ. ಇಲ್ಲಿ ಗುಡಿಯೊಳಗೆ ಕಾಡು ಬೆಳೆದಿದೆ. ಒಂದೊಂದು ಮರ ಮನೆಯ ಮೇಲೆ ಕೂತ ಆನೆಯ ಹಾಗೆ ಗೋಪುರದ ಮೇಲೆ ಕೂತು ಬೇರು ಇಳಿಬಿಟ್ಟಿದೆ. ಇನ್ನೊಂದು ಗುಡಿಯ ಗೋಪುರಗಳಿಗೆಲ್ಲ ಮುಖಗಳಿವೆ. ಎಲ್ಲಿ ನಿಂತರೂ ಯಾವುದಾದರೂ ಒಂದು ಮುಖ ನಮ್ಮನ್ನೇ ನೋಡಿ ನಗುತ್ತಿರುತ್ತದೆ. ಗೋಡೆಯ ಮೇಲೆ ಎತ್ತಿನಗಾಡಿ, ಕೋಳಿಜಗಳ, ಸಂತೆಯಲ್ಲಿ ಮೀನು ಮಾರುವ ಹೆಂಗಸರು. ಗಾಡಿ ನಮ್ಮ ಕೊಳಾಲದ ಗಾಡಿಯ ಹಾಗೇ ಇದೆ. ಒಂದು ಕಡೆ ಹೆರಿಗೆಯನ್ನೂ ಕೆತ್ತಿದ್ದಾರೆ. ನಾನು ಅಲ್ಲಿ ನಿಲ್ಲದೆ ಮುಂದೆ ಹೋದೆ.

ಎರಡನೆಯ ಬಸುರೂ ಐದು ತಿಂಗಳಿಗೇ ಹೋದಮೇಲೆ ಆ ಮನೆಯಲ್ಲಿ ಕೂತಿರಲು ನನಗೆ ಆಗುತ್ತಿರಲಿಲ್ಲ. ನೀನು ‘ಹೋಗಿ ಬನ್ನಿ’ ಅಂದೆ. ಬೇಸರದಿಂದ ಅಂದೆಯೋ ಮನಸ್ಸಿನಿಂದ ಅಂದೆಯೋ ಇವತ್ತಿಗೂ ಗೊತ್ತಾಗಲಿಲ್ಲ. ಬರೆ.

ಗಂಗಾಧರಯ್ಯ

*

ಕೊಳಾಲ, ಕೊರಟಗೆರೆ ತಾಲ್ಲೂಕು
18-3-1959

ಅವರಿಗೆ ಇಂದ್ರ ಮಾಡುವ ನಮಸ್ಕಾರ.

ನಾಲ್ಕನೆಯ ಕ್ಲಾಸಿನ ನಂತರ ನಾನು ಕಾಗದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ನಿಯಾಜ್ ಮುಂದೆ ಓದಿ ನಗಬೇಡಿ. ಮನಸ್ಸಿನಿಂದಲೇ ಅಂದೆ. ನೀವು ದಿನಾ ಸಂಜೆ ಜಗಲಿಯ ಮೇಲೆ ಸುಮ್ಮನೆ ಕೂರುವುದನ್ನು ನೋಡಲಾರದೆ ಅಂದೆ.

ಇಲ್ಲಿ ಎಲ್ಲ ಚೆನ್ನಾಗಿದ್ದೇವೆ. ನನಗೆ ಮಾತ್ರ ಊಟ ಸೇರುತ್ತಿಲ್ಲ. ಒಗ್ಗರಣೆಯ ವಾಸನೆ ಬಂದರೆ ಹಿತ್ತಲಿಗೆ ಹೋಗುತ್ತೇನೆ. ಬಿಸಿಲಿಗೆ ಇರಬೇಕು. ಹುಣಸೆಹಣ್ಣು, ಉಪ್ಪು ಮಾತ್ರ ರುಚಿಸುತ್ತದೆ. ಅತ್ತೆಯವರಿಗೆ ಈಗ ನನ್ನ ಮೇಲೆ ಎಲ್ಲಿಲ್ಲದ ಅಕ್ಕರೆ. ಬಿಂದಿಗೆ ತೆಗೆದುಕೊಂಡರೆ ಕಿತ್ತುಕೊಳ್ಳುತ್ತಾರೆ. “ಮಡಗು ಕಣಮ್ಮ ಅತ್ಲಾಗೆ, ನಾನೇ ಸೇದ್ತೀನಿ. ನಂಗೇನು ಕೈ ಬಿದ್ದೋಗವಾ?” ಅನ್ನುತ್ತಾರೆ. ನಿನ್ನೆ ಪಕ್ಕದ ಮನೆಯವರು ಏನೋ ಕೇಳಲು ಬಂದರೆ ಬಾಗಿಲಲ್ಲೇ ಬೈದು ಕಳಿಸಿದರು.

ಆ ಗುಡಿಗಳೊಳಗೆ ದೇವರಿದ್ದಾನೆಯೇ? ದೀಪ ಹಚ್ಚುವವರು ಇದ್ದಾರೆಯೇ? ದೀಪವಿಲ್ಲದ ಗುಡಿಯಾದರೆ ಹೊರಗಿನಿಂದಲೇ ನೋಡಿ ಬನ್ನಿ.

ಇಂದ್ರ

*

9-4-1959

ಇಂದ್ರಾ,

ನಿನ್ನ ಅಕ್ಷರ ನನ್ನ ಅಕ್ಷರಕ್ಕಿಂತ ಚೆನ್ನಾಗಿದೆ. ಕಾಗದವನ್ನು ನಾಲ್ಕು ಸಲ ಓದಿದೆ.

ಊಟ ಸೇರದಿರುವುದು ಪಿತ್ತ. ಮಜ್ಜಿಗೆ ಕುಡಿ, ಹುಣಸೆಹಣ್ಣು ಬಿಡು. ನಿಯಾಜ್‌ಗೆ ಹೇಳಿದೆ. ಅವನು ನನ್ನ ಮುಖ ನೋಡಿದ, ಏನೋ ಹೇಳಲು ಹೋಗಿ, “ಮಜ್ಜಿಗೆ ಕುಡೀಲಿ ಬುಡಿ ಗಂಗಣ್ಣ, ಒಳ್ಳೇದೇ” ಅಂದು ಎದ್ದು ಹೋದ. ಅಮ್ಮ ನೀರು ಸೇದುತ್ತಾಳೆಂದರೆ ನಂಬುವುದೇ ಕಷ್ಟ. ಮಗ ದೂರ ಹೋದ ಮೇಲೆ ಸೊಸೆಯ ಬೆಲೆ ಗೊತ್ತಾಯಿತೆಂದು ಕಾಣುತ್ತದೆ.

ಬಾವಿಯಲ್ಲಿ ನೀರು ಬಂತು. ಊರಿನವರು ನನ್ನ ತಲೆಗೇ ಮೊದಲ ಬಿಂದಿಗೆ ಸುರಿದರು. ಇಲ್ಲಿ ತಾ ಸೋಖ್ ಎಂಬ ಮುದುಕ ನನ್ನನ್ನು ಬಿಟ್ಟಿರುವುದಿಲ್ಲ. ‘ತಾ’ ಎಂದರೆ ತಾತನಂತೆ. ಅವನ ಮಾತು ನನಗೆ ಬಾರದು, ನನ್ನದು ಅವನಿಗೆ ಬಾರದು. ಇಬ್ಬರೂ ದಿನವಿಡೀ ಹರಟುತ್ತೇವೆ. ಬಿಡುವಿನ ದಿನ ಅವನು ನನ್ನನ್ನು ಊರಾಚೆಯ ಒಂದು ಸಣ್ಣ ಗುಡಿಗೆ ಕರೆದುಕೊಂಡು ಹೋಗುತ್ತಾನೆ. ಅದನ್ನು ನೋಡಲು ಯಾರೂ ಬರುವುದಿಲ್ಲ. ಬಾಗಿಲಿನ ಮೇಲೆ ರಾವಣ ಕೈಲಾಸ ಎತ್ತುತ್ತಿದ್ದಾನೆ. ಹತ್ತೂ ತಲೆ ಎಣಿಸಬಹುದು! ಮೇಲೆ ಪಾರ್ವತಿ ಹೆದರಿ ಶಿವನನ್ನು ಹಿಡಿದುಕೊಂಡಿದ್ದಾಳೆ. ಇಷ್ಟು ದೂರದ ಕಾಡಿನಲ್ಲಿ ನಮ್ಮವರನ್ನು ಕಂಡ ಹಾಗಾಯಿತು. ಒಳಗೆ ಲಿಂಗವಿಲ್ಲ, ಪೀಠ ಮಾತ್ರ. ಊರಿನ ಹೆಂಗಸರು ಅದರ ಮೇಲೆ ನೀರು ಸುರಿದು ಆ ನೀರನ್ನು ತಲೆಗೆ ಹಚ್ಚಿಕೊಳ್ಳುತ್ತಾರೆ. ಏಕೆಂದು ತಾ ಸೋಖ್ ಕೈಸನ್ನೆಯಲ್ಲಿ ಹೇಳಿದ. ನನಗೆ ಸರಿಯಾಗಿ ತಿಳಿಯಲಿಲ್ಲ.

ನಾವಿಬ್ಬರೂ ಆ ಗುಡಿಯ ಬೇರುಗಳನ್ನು ಕಡಿದು ಬಿದ್ದ ಕಲ್ಲುಗಳನ್ನು ಎತ್ತಿಡಲು ಶುರುಮಾಡಿದ್ದೇವೆ. ಹೊರಗಿನಿಂದಲೇ ನೋಡಿ ಬನ್ನಿ ಅನ್ನುತ್ತೀಯಲ್ಲ, ನಾನು ಸನ್ಯಾಸಿಯಾಗುತ್ತೇನೆಂದು ಭಯವೇ? ಮುದ್ದೆ ಇಲ್ಲದ ಕಡೆ ಸನ್ಯಾಸ ಮಾಡಲು ನನ್ನಿಂದಾಗದು.

ಗಂಗಾಧರಯ್ಯ

*

ಸಿರಾ
2-5-1959

ಅವರಿಗೆ ನಮಸ್ಕಾರ.

ಮಜ್ಜಿಗೆ ಕುಡಿಯುತ್ತಿದ್ದೇನೆ. ಈಗ ವಾಸಿ. ತವರಿಗೆ ಬಂದಿದ್ದೇನೆ. ಅತ್ತೆಯವರೇ ಮಧುಗಿರಿಯ ತನಕ ಬಸ್ಸಿನಲ್ಲಿ ಬಂದು, ಡ್ರೈವರನಿಗೆ “ಮೆತ್ತಗೆ ಓಡ್ಸಪ್ಪ, ಹಳ್ಳ ಬಂದ್ರೆ ನಿಲ್ಸಿ ಇಳ್ಸು” ಎಂದು ಹೇಳಿ ಹೋದರು. ಅವನು, “ಗಾಜಿನ ಸಾಮಾನು ಏನಾರ ತಂದಿದೀರಾ ಅಜ್ಜಿ?” ಎಂದು ಕೇಳಿದ. ಬಸ್ಸಿನವರೆಲ್ಲ ನಕ್ಕರು. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಇಲ್ಲಿ ಖಾಜಾಬಿಯವರು ದಿನಾ ಬಂದು ನನ್ನ ಕಾಲು ನೋಡಿ, ಕಣ್ಣು ನೋಡಿ ಹೋಗುತ್ತಾರೆ. “ತಿನ್ನು ಬೇಟಿ, ಇಬ್ರು ತಿನ್ನೋ ಅಷ್ಟು ತಿನ್ನು” ಅನ್ನುತ್ತಾರೆ. ಮಗ ದೂರವಿರುವುದಕ್ಕೆ ಅವನ ಪಾಲನ್ನೂ ನನಗೇ ತಿನ್ನಿಸಬೇಕೆಂದಿದ್ದಾರೋ ಏನೋ.

ಒಂದು ಮಾತು ಕೇಳುತ್ತೇನೆ, ನಡೆಸಿಕೊಡಿ. ಶ್ರಾವಣ ಬರುವ ತನಕ ಆ ಪಾಳು ಗುಡಿಯೊಳಗೆ ಕಾಲಿಡಬೇಡಿ. ಬಿದ್ದ ವಿಗ್ರಹ ಮುಟ್ಟಬೇಡಿ. ಕಾರಣ ಕೇಳಬೇಡಿ. ಶ್ರಾವಣದಲ್ಲಿ ನಾನೇ ಬರೆಯುತ್ತೇನೆ. ನೀವು ಹತ್ತಿರ ಇದ್ದಿದ್ದರೆ ಸೆರಗು ಒಡ್ಡಿ ಕೇಳುತ್ತಿದ್ದೆ.

ಇಂದ್ರ

*

25-5-1959

ಇಂದ್ರಾ,

ಕಾಗದ ಬಂತು. ಮಳೆ ಶುರುವಾಗಿದೆ, ಬಾವಿ ಕೆಲಸ ನಿಂತಿದೆ.

ಶ್ರಾವಣ ಬರುವ ತನಕ ಅಂದಿದ್ದೀಯ. ಇದು ನಿನ್ನ ಮಾತೋ, ಅಮ್ಮನ ಮಾತೋ? ಊರಿನಲ್ಲಿ ಯಾರೋ ಏನೋ ಹೆದರಿಸಿದ್ದಾರೆ, ನೀನು ಹೆದರಿದ್ದೀಯ. ಆ ಗುಡಿಗೆ ಹೋದಾಗ ಮಾತ್ರ ನನ್ನ ಎದೆಯ ಭಾರ ಇಳಿಯುತ್ತದೆ. ಒಬ್ಬರೂ ‘ಮಕ್ಕಳೆಷ್ಟು’ ಎಂದು ಕೇಳುವುದಿಲ್ಲ. ಕಲ್ಲು ಎತ್ತುತ್ತೇನೆ, ಇಡುತ್ತೇನೆ. ಅದನ್ನೂ ಬಿಡು ಅನ್ನುತ್ತೀಯ, ಕಾರಣ ಹೇಳುವುದಿಲ್ಲ ಅನ್ನುತ್ತೀಯ.

ನಿನಗೆ ಬೇಡವಾದರೆ ಗುಡಿಯ ಮಾತು ಇನ್ನು ಬರೆಯುವುದಿಲ್ಲ. ಎಲ್ಲರನ್ನೂ ಕೇಳಿದೆನೆಂದು ಹೇಳು.

ಗಂಗಾಧರಯ್ಯ

*

ಸಿರಾ
20-6-1959

ಅವರಿಗೆ ನಮಸ್ಕಾರ.

ಕೋಪ ಮಾಡಿಕೊಳ್ಳಬೇಡಿ. ಬರೆಯುವುದಿಲ್ಲ ಅಂದಿರಿ, ಹೋಗುವುದಿಲ್ಲ ಅನ್ನಲಿಲ್ಲ. ಅದನ್ನು ನಾನು ನೋಡಿದೆ.

ಇಲ್ಲಿ ಎರಡು ಹದ ಮಳೆ ಬಂತು. ಕಡಲೆಕಾಯಿ ಬಿತ್ತನೆಗೆ ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ನನ್ನನ್ನು ಮಾತ್ರ ಹೊಸಲು ದಾಟಲು ಬಿಡುವುದಿಲ್ಲ. ಮಧ್ಯಾಹ್ನವೆಲ್ಲ ಒಬ್ಬಳೇ ಮಲಗಿ ನಿಮ್ಮ ಮೊದಲನೆಯ ಕಾಗದ ಓದುತ್ತೇನೆ. ಆ ಮುಖಗಳು ನಗುತ್ತವೆ ಅಂದಿರಲ್ಲ, ಯಾವ ಥರ ನಗು? ನಮ್ಮನ್ನು ನೋಡಿ ನಗುವ ನಗುವೋ, ಅಥವಾ ಮಲಗಿದ ಮಗುವಿನ ಮುಖದ ಮೇಲೆ ಬಂದು ಹೋಗುತ್ತದಲ್ಲ, ಅಂಥದ್ದೋ?

ಬರೆಯುವುದಿದ್ದರೆ ಇದೊಂದನ್ನು ಬರೆಯಿರಿ.

ಇಂದ್ರ

*

19-7-1959

ಸೌಭಾಗ್ಯವತಿ ಇಂದ್ರಮ್ಮನಿಗೆ ಆಶೀರ್ವಾದಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಕೆಲಸ ಬಹಳ ಇರುವುದರಿಂದ ಬರೆಯಲು ಸಮಯವಿಲ್ಲದೆ ನಿಯಾಜ್ ಕೈಲಿ ಬರೆಸುತ್ತಿದ್ದೇನೆ. ಮಳೆ ಚೆನ್ನಾಗಿದೆ. ನೀನು ಕೇಳಿದ ನಗು ಎರಡನೆಯ ಥರದ್ದು.

ಚಿಂತೆ ಬೇಡ.

ಗಂಗಾಧರಯ್ಯ

ಅಕ್ಕ, ಹೆದರಬೇಡಿ. – ನಿಯಾಜ್

*

ಸಿರಾ
8-8-1959

ಅವರಿಗೆ ನಮಸ್ಕಾರ.

ಶ್ರಾವಣ ಬಂತು. ಬರೆಯುತ್ತೇನೆ ಅಂದಿದ್ದೆ, ಬರೆಯುತ್ತಿದ್ದೇನೆ.

ಮಳೆಗೆ ಬಾವಿ ಕೆಲಸ ನಿಂತಿದೆ ಎಂದು ಬರೆದವರು ನೀವೇ. ಕೆಲಸ ಬಹಳ ಎಂದು ಬರೆಸಿದವರೂ ನೀವೇ. ಹೆದರಬೇಡಿ ಎಂಬ ಒಂದು ಸಾಲು ಓದಿ ನಾನು ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ಖಾಜಾಬಿ ಬಂದರು. ನಿಯಾಜ್ ಅವರಿಗೂ ಉರ್ದುವಿನಲ್ಲಿ ಕಾಗದ ಬರೆದಿದ್ದ. ಅಂಗಡಿಯ ಹಬೀಬ್ ಸಾಬರು ಓದಿ ಹೇಳಿದರಂತೆ. ಖಾಜಾಬಿ ನನ್ನ ಎರಡೂ ಕೈ ಹಿಡಿದುಕೊಂಡು ಹೇಳಿದರು: “ನಿನ್ನ ಯಜಮಾನರ ಕೈ ಮೇಲೆ ಗುಡಿ ಕಲ್ಲು ಬಿದ್ದೈತೆ ಬೇಟಿ. ಎರಡು ಬೆರಳು ಜಜ್ಜೋಗವೆ. ಜಾನ್‌ಗೆ ಏನೂ ಇಲ್ಲ, ಖುದಾ ಕಸಂ. ಈಗ ಅತ್ತುಬುಡು. ಆಮೇಲೆ ಅಳಬ್ಯಾಡ, ಒಳಗೆ ಇರೋದು ಕೇಳಿಸ್ಕತ್ತದೆ.”

ಒಳಗೆ ಇರುವುದು ಅಂದರು. ಹೌದು. ನೀವು ಹಡಗು ಹತ್ತುವಾಗ ನನಗೂ ಗೊತ್ತಿರಲಿಲ್ಲ. ಈಗ ಏಳು ತುಂಬಿದೆ. ಒದೆಯುತ್ತದೆ.

ಮೊದಲಿನ ಎರಡು ಸಲ ಊರಿಗೆಲ್ಲ ಹೇಳಿದೆವು. ಹಸಿರು ಬಳೆ ಇಟ್ಟುಹೋದವರೇ ಸಮಾಧಾನ ಹೇಳಲೂ ಬಂದರು. ಅದಕ್ಕೆ ಅತ್ತೆಯವರು, “ಈ ಸಲ ಗಾಳಿಗೂ ಗೊತ್ತಾಗ್‌ಕೂಡ್ದು. ಅವ್ನಿಗೂ ಬರಿಬ್ಯಾಡ, ಏಳು ತುಂಬ್ಲಿ” ಅಂದರು. ಬರೆದಿದ್ದರೆ ನೀವು ಕೆಲಸ ಬಿಟ್ಟು ಓಡಿ ಬರುತ್ತಿದ್ದಿರಿ. ಬಂದಮೇಲೆ ಇದೂ ಹೋಗಿದ್ದರೆ ನಿಮ್ಮನ್ನು ಎರಡನೆಯ ಸಲ ಎಲ್ಲಿಗೆ ಕಳಿಸಲಿ? ಆದರೆ ಬಸುರಿಯ ಗಂಡ ಪಾಳು ಗುಡಿ ಹೊಗಬಾರದು, ಒಡೆದ ವಿಗ್ರಹ ಮುಟ್ಟಬಾರದು. ಕಾಯಿ ಒಡೆಯಬೇಡಿ, ಗಡ್ಡ ತೆಗೆಸಬೇಡಿ ಎಂದು ಬರೆದರೆ ನಿಮಗೆ ತಕ್ಷಣ ತಿಳಿಯುತ್ತಿತ್ತು. ಅದಕ್ಕೆ ಗುಡಿಯ ಮಾತೊಂದನ್ನೇ ಬರೆದೆ. ಉಳಿದದ್ದನ್ನು ದೇವರಿಗೆ ಬಿಟ್ಟೆ.

ಕಲ್ಲು ಎತ್ತುತ್ತೇನೆ, ಇಡುತ್ತೇನೆ ಎಂದು ನೀವು ಬರೆದಿರಿ. ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಓದುತ್ತಿದ್ದೆ. ಆ ಕಲ್ಲು ಬಿದ್ದದ್ದು ನನ್ನಿಂದ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೆ. ಇವತ್ತು ನಿಮ್ಮ ಬೆರಳಿಗೆ ಬಿತ್ತು. ನಾಳೆ ಇದಕ್ಕೆ ಏನಾಗುತ್ತದೋ ಎಂದು ನಿದ್ದೆ ಬರುವುದಿಲ್ಲ.

ನಿಮ್ಮ ಕೈಯಿಂದಲೇ ಒಂದು ಅಕ್ಷರ ಬರೆಯಿರಿ. ಒಂದೇ ಅಕ್ಷರ ಸಾಕು.

ಇಂದ್ರ

*

30-8-1959

ಇಂದ್ರಾ,

ಇದು ಎಡಗೈ. ಕಾಗೆ ಕಾಲಿನ ಹಾಗಿದೆ, ಆದರೆ ನನ್ನದೇ ಕೈ. ಬರೆದು ಮುಗಿಸುವಷ್ಟರಲ್ಲಿ ಎರಡು ದಿನವಾಗುತ್ತದೆ. ಆಗಲಿ.

ಮೊದಲು ಒಂದು ಮಾತು. ಕಲ್ಲು ಬಿದ್ದದ್ದು ನಾನು ಹಾರೆಯನ್ನು ತಪ್ಪು ಕಡೆ ಕೊಟ್ಟದ್ದರಿಂದ. ಹಸಿ ಮಣ್ಣು ಜಾರಿತು. ತಾ ಸೋಖ್ ಬೇಡ ಬೇಡ ಎಂದು ಕೂಗಿದ, ನಾನು ಕೇಳಲಿಲ್ಲ. ಇದರಲ್ಲಿ ನಿನ್ನ ಪಾಲು ಏನೂ ಇಲ್ಲ. ಕಲ್ಲಿನ ಕೆಲಸದವನ ಬೆರಳು ಜಜ್ಜುವುದು ಮನೆಯಲ್ಲಿ ಬಸುರಿಯಿದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. ನಿನ್ನಿಂದ ಮುಚ್ಚಿಟ್ಟದ್ದು ನನ್ನ ತಪ್ಪು. ಹೆದರುತ್ತೀಯೆಂದು ಮುಚ್ಚಿಟ್ಟೆ, ಅದರಿಂದಲೇ ಹೆದರಿಸಿದೆ.

ಎರಡನೆಯ ಮಾತು. ಹಿಂದಿನ ಎರಡು ಸಲವೂ ನಾನು ಕಾಯಿ ಒಡೆಯಲಿಲ್ಲ. ಗಡ್ಡ ಬಿಟ್ಟು ಊರಲ್ಲಿ ನಗೆಗೀಡಾದೆ. ದೊಡ್ಡರಂಗಪ್ಪನ ಹೆಣ ಹೊರಲು ಕರೆದರೆ ಹೋಗದೆ ಅವರ ಮನೆಯವರಿಂದ ಬೈಸಿಕೊಂಡೆ. ಅಮ್ಮ ಹೇಳಿದ ಒಂದನ್ನೂ ಬಿಡಲಿಲ್ಲ. ಆದರೂ ಏನಾಯಿತು ನಮಗೆ ಗೊತ್ತು. ಈ ಸಲ ಗೊತ್ತಿಲ್ಲದೆ ಎಲ್ಲವನ್ನೂ ಮಾಡಿದ್ದೇನೆ ಇಂದ್ರಾ. ಇದು ತೆಂಗಿನ ದೇಶ, ದಿನಕ್ಕೊಂದು ಕಾಯಿ ಒಡೆದು ತಿಂದೆ. ವಾರಕ್ಕೊಮ್ಮೆ ಗಡ್ಡ ತೆಗೆಸಿದೆ. ಪಾಳು ಗುಡಿಯಲ್ಲಿ ಬುತ್ತಿ ಬಿಚ್ಚಿ ಉಂಡು, ಅಲ್ಲೇ ಮಲಗಿ ಗೊರಕೆ ಹೊಡೆದೆ. ತಲೆಯಿಲ್ಲದ ಒಬ್ಬ ದೇವಿಯನ್ನು ಹೆಗಲ ಮೇಲೆ ಹೊತ್ತು ತಂದು ಗೋಡೆಗೆ ಒರಗಿಸಿ ನಿಲ್ಲಿಸಿದೆ. ಏಳು ತುಂಬಿದೆ, ಒದೆಯುತ್ತದೆ ಎಂದು ನೀನು ಬರೆಯುತ್ತೀಯ. ಇದಕ್ಕೆ ಏನನ್ನುವುದು ನನಗೆ ಗೊತ್ತಿಲ್ಲ. ನೀನೂ ನಾನೂ ಏನೋ ಮಾಡಿದ್ದರಿಂದ ಆ ಎರಡು ಹೋದವೆಂದು ಇಷ್ಟು ದಿನ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ.

ಇನ್ನೊಂದು. ಆ ಪೀಠಕ್ಕೆ ಹೆಂಗಸರು ಏಕೆ ನೀರು ಸುರಿಯುತ್ತಾರೆಂದು ತಿಳಿಯಲಿಲ್ಲವೆಂದು ಬರೆದಿದ್ದೆ. ಚೆನ್ನಾಗಿಯೇ ತಿಳಿದಿತ್ತು. ಮಕ್ಕಳಿಗಾಗಿ. ನಾನೂ ಸುರಿದೆ. ಆದರೆ ಮಗು ಕೇಳಲು ಬಾಯಿ ಬರಲಿಲ್ಲ. ನೀನು ನಿದ್ದೆಯಲ್ಲಿ ಎದ್ದು ಕೂತು ತೊಡೆಯ ಮೇಲೆ ಕೈಯಾಡಿಸುತ್ತಿದ್ದೆಯಲ್ಲ, ಅದು ನಿಲ್ಲಲಿ ಎಂದು ಮಾತ್ರ ಕೇಳಿಕೊಂಡೆ.

ನಿನ್ನ ಕಾಗದವನ್ನು ನಿಯಾಜ್‌ಗೆ ತೋರಿಸಿದೆ. ಅವನು ಹಣೆ ಚಚ್ಚಿಕೊಂಡ. “ನಂಗೆ ಏಪ್ರಿಲ್‌ನಲ್ಲೇ ಗೊತ್ತಾಗಿತ್ತು ಗಂಗಣ್ಣ! ಅವರು ಹುಣಸೆಹಣ್ಣು, ಒಗ್ಗರಣೆ ವಾಸ್ನೆ ಅಂತ ಬರೀತಾರೆ, ನೀವು ಪಿತ್ತ ಅಂತೀರಿ. ಅವರೇ ಹೇಳ್ದೇ ಇರೋದನ್ನ ನಾನೆಂಗೆ ಹೇಳ್ಲಿ?” ಅಂದ. ತಾ ಸೋಖ್‌ಗೆ ಹೊಟ್ಟೆಯ ಮೇಲೆ ಕೈ ಸುತ್ತಿ ತೋರಿಸಿದೆ. ಮುದುಕ ಕುಣಿದುಬಿಟ್ಟ.

ಕೈ ವಾಸಿಯಾಗುತ್ತಿದೆ. ಕಿರುಬೆರಳು ಮಾತ್ರ ಮಡಚುವುದಿಲ್ಲ. ಈ ಕೈಯಿಂದ ಇನ್ನು ಮೂರು ತಿಂಗಳು ಸುತ್ತಿಗೆ ಹಿಡಿಯಲಾಗದೆಂದು ಸಂಘದವರು ಮುಂದಿನ ಹಡಗಿಗೆ ನನ್ನನ್ನು ಕಳಿಸುತ್ತಾರೆ. ಅಕ್ಟೋಬರ್ ಮಧ್ಯದಲ್ಲಿ ಮದರಾಸು. ಅಲ್ಲಿನ ಸಂಘದ ವಿಳಾಸಕ್ಕೆ ಬರೆದಿಡು. ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಆದದ್ದನ್ನು ಬರೆ. ಇನ್ನು ಮುಚ್ಚಿಡುವುದು ಬೇಡ, ಇಬ್ಬರೂ.

ಗಂಗಾಧರಯ್ಯ

*

ಸಿರಾ
9-10-1959

ಅವರಿಗೆ ಇಂದ್ರ ಮಾಡುವ ನಮಸ್ಕಾರ.

ಹೆಣ್ಣು. ಇಬ್ಬರೂ ಚೆನ್ನಾಗಿದ್ದೇವೆ. ಮೊದಲು ಇದನ್ನು ಓದಿಕೊಳ್ಳಿ, ಉಳಿದದ್ದನ್ನು ನಿಧಾನವಾಗಿ ಓದಿ.

ಬಹಳ ಹೊತ್ತು ಹಿಡಿಯಿತು. ನನ್ನ ತಾಯಿ ದೇವರ ಮುಂದೆ ಕೂತುಬಿಟ್ಟರು. ನಮ್ಮ ಬೀದಿಯ ಹೆರಿಗೆಗಳನ್ನೆಲ್ಲ ಮಾಡಿಸಿದ ಖಾಜಾಬಿ ಕೈ ಬಿಡಲಿಲ್ಲ. ಮಗು ಬಂದಮೇಲೆ ಅಳಲಿಲ್ಲ. ಆ ಹೊತ್ತಿನಲ್ಲಿ ನಾನು ಯಾವ ದೇವರನ್ನೂ ಕರೆಯಲಿಲ್ಲ. ನೀವು ಕಲ್ಲು ಎತ್ತುವುದು, ಇಡುವುದು ಮಾತ್ರ ಕಣ್ಣ ಮುಂದೆ ಬರುತ್ತಿತ್ತು. ಖಾಜಾಬಿ ಅದನ್ನು ಕಾಲು ಹಿಡಿದು ಎತ್ತಿ ಬೆನ್ನಿಗೆ ಎರಡು ಏಟು ಕೊಟ್ಟು, “ಏ ಶೈತಾನ್, ಅಳು! ನಿಮ್ಮಪ್ಪಂಗೆ ಕೇಳಿಸ್ಲಿ!” ಅಂದರು. ಅತ್ತಿತು. ಬೀದಿಗೆಲ್ಲ ಕೇಳಿಸಿತು. ಅತ್ತೆಯವರು ಸುದ್ದಿ ತಿಳಿದು ಕೊಳಾಲದಿಂದ ಬಂದವರು, ಮಗು ನೋಡುವ ಮೊದಲು ನನ್ನ ಮುಖ ನೋಡಿದರು. ತಲೆ ಸವರಿ, “ಬದುಕ್ಕಂಡೆ ಕಣಮ್ಮ” ಅಂದರು. ಅಷ್ಟೇ ಅಂದದ್ದು.

ಹುಟ್ಟಿದ ನಕ್ಷತ್ರ ತಂದೆಗೆ ಆಗುವುದಿಲ್ಲ ಎಂದು ಜೋಯಿಸರು ಹೇಳಿದ್ದಾರೆ. ನೀವು ಮೊದಲ ಸಲ ಮಗುವನ್ನು ನೇರವಾಗಿ ನೋಡಬಾರದಂತೆ. ಕಂಚಿನ ಬಟ್ಟಲಲ್ಲಿ ಎಳ್ಳೆಣ್ಣೆ ತುಂಬಿಸಿ, ನಾನು ಹಿಂದೆ ಮಗು ಹಿಡಿದು ನಿಲ್ಲಬೇಕಂತೆ. ನೀವು ಎಣ್ಣೆಯಲ್ಲಿ ಅದರ ಮುಖ ನೋಡಿ, ಆಮೇಲೆ ತಿರುಗಬೇಕಂತೆ. ಅತ್ತೆಯವರು ಬಟ್ಟಲು ತೊಳೆದು ಎಣ್ಣೆ ತುಂಬಿಸಿ ನಾಗೊಂದಿಗೆಯ ಮೇಲೆ ಇಟ್ಟಿದ್ದರು.

ನಿನ್ನೆ ನಾನು ಆ ಬಟ್ಟಲು ಇಳಿಸಿಕೊಂಡು ಎಣ್ಣೆಯನ್ನೆಲ್ಲ ಮಗುವಿನ ಮೈಗೂ ನನ್ನ ತಲೆಗೂ ಹಚ್ಚಿ ನೀರು ಹಾಕಿಸಿಕೊಂಡೆ. ಅತ್ತೆಯವರು ಬಚ್ಚಲ ಬಾಗಿಲಿಗೆ ಬಂದು, “ಏನೇ ಇದು, ಅವ್ನು ಬಂದಾಗ ಏನು ಮಾಡ್ತೀಯೆ?” ಎಂದು ಕೇಳಿದರು. ಜೀವಮಾನದಲ್ಲಿ ಅವರಿಗೆ ಎದುರು ಮಾತಾಡಿದವಳಲ್ಲ ನಾನು. ನೀವು ಎಡಗೈಯಲ್ಲಿ ಬರೆದ ಕಾಗದವನ್ನು ಅವರಿಗೆ ಪೂರ್ತಿ ಓದಿ ಹೇಳಿದೆ. ಕಾಯಿ ಒಡೆದದ್ದು, ಗಡ್ಡ ತೆಗೆಸಿದ್ದು, ದೇವಿಯನ್ನು ಹೊತ್ತದ್ದು, ಒಂದನ್ನೂ ಬಿಡಲಿಲ್ಲ. ಅವರು ಎಲ್ಲವನ್ನೂ ಕೇಳಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅದಕ್ಕೇ ಹೇಳಿದರು: “ನಿಮ್ಮಪ್ಪ ಮಾಡ್‌ಬಾರದ್ದೆಲ್ಲಾ ಮಾಡವ್ನೆ ಕಣೇ. ಇನ್ನು ಇದೊಂದು ಯಾಕೆ ಬಾಕಿ?”

ಬಸ್ಸು ಇಳಿದವರು ಎಲ್ಲಿಯೂ ನಿಲ್ಲದೆ ಬನ್ನಿ. ಕೈಕಾಲು ತೊಳೆಯಲು ಬಾಗಿಲಲ್ಲಿ ನೀರಿಟ್ಟಿರುತ್ತೇನೆ. ಆ ಹೊತ್ತಿಗೆ ಮಗು ಎದ್ದಿದ್ದರೆ ಅದೇ ನಿಮ್ಮನ್ನು ನೋಡುತ್ತದೆ. ಮಲಗಿದ್ದರೆ ಎಬ್ಬಿಸುವುದಿಲ್ಲ, ನೀವೇ ಹತ್ತಿರ ಕೂತು ನೋಡುತ್ತಿರಿ.

ನಿಮ್ಮ
ಇಂದ್ರ